ಸಹಾಯ ಬೇಕು: ಬ್ಯಾಶಲ್ಲಿ ಓಡೋ ಸ್ಕ್ರಿಪ್ಟ್ ಮ್ಯಾಕಲ್ಲಿ ಎಡವಟ್ಟು ಮಾಡ್ತಿದೆ

ಎಲ್ರಿಗೂ ನಮಸ್ಕಾರ, ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂ, ಬ್ಯಾಶ್ ಅದ್ರಲ್ಲೊಂದು) ಗೊತ್ತಿರೋರು ಸ್ವಲ್ಪ ದಾರಿ ತೋರ್ಸಿ. ಆಫೀಸಲ್ಲಿ ಉಬುಂಟು, ಮನೇಲಿ ಮ್ಯಾಕ್. ಹಳೇ ಲಾಗ್ ಫೈಲ್‌ಗಳನ್ನ ಜಿಪ್ ಮಾಡಿ ಬೇರೆ ಫೋಲ್ಡರಿಗೆ ಹಾಕೋ ಸಣ್ಣ ಸ್ಕ್ರಿಪ್ಟ್ ಇದೆ, ಉಬುಂಟುನಲ್ಲಿ ಬ್ಯಾಶ್ ಅಂತ ಕೊಟ್ಟು ಓಡಿಸಿದ್ರೆ ಏನೂ ತಕರಾರಿಲ್ಲ, ಅದೇ ಎಸ್‌ಎಚ್ (sh, ಸಿಸ್ಟಮ್ಮಿನ ಮೂಲ ಶೆಲ್ ಹೆಸರು) ಅಂತ ಕೊಟ್ರೆ ಡಬಲ್ ಸ್ಕ್ವೇರ್ ಬ್ರಾಕೆಟ್ ಇರೋ ಲೈನಲ್ಲಿ 'ನಾಟ್ ಫೌಂಡ್' ಅನ್ನುತ್ತೆ. ಅಲ್ಲಿ 2006ರಿಂದ ಎಸ್‌ಎಚ್ ಅಂದ್ರೆ ಡ್ಯಾಶ್ ಅನ್ನೋ ಚಿಕ್ಕ ಶೆಲ್, ಬ್ಯಾಶ್‌ನ ಸ್ಪೆಷಲ್ ಐಟಂ ಯಾವ್ದೂ ಅದಕ್ಕೆ ಗೊತ್ತಿಲ್ಲ, ಸರಿ ಅದು ಅರ್ಥ ಆಯ್ತು.

ತಲೆ ಕೆಡ್ತಿರೋದು ಮ್ಯಾಕ್ ಕಡೆ. 2019ರ ಮ್ಯಾಕ್ಓಎಸ್ ಕ್ಯಾಟಲಿನಾದಿಂದ ಅದ್ರಲ್ಲಿ ಡೀಫಾಲ್ಟ್ ಶೆಲ್ ಅಂದ್ರೆ ಝಡ್‌ಶೆಲ್. ಟ್ಯಾಬ್ ಕಂಪ್ಲೀಶನ್ ಸೂಪರ್, ಎರಡು ಮಾತಿಲ್ಲ, ಆದ್ರೆ ಅದೇ ಲೈನುಗಳನ್ನ ಪೇಸ್ಟ್ ಮಾಡಿದ್ರೆ ಅರೇ (ಪಟ್ಟಿ) ಎಣಿಕೆ 0 ಬದಲು 1ರಿಂದ ಶುರು, 0 ಅಂತ ಮೊದಲ್ನೇ ಫೈಲ್ ಕೇಳಿದ್ರೆ ಖಾಲಿ. ವೇರಿಯಬಲ್‌ನಲ್ಲಿ ಮೂರು ಹೆಸರು ಸ್ಪೇಸ್ ಕೊಟ್ಟು ಇಟ್ಟು ಕೋಟ್ ಇಲ್ದೆ ಫಾರ್ ಲೂಪ್ ಹಾಕಿದ್ರೆ ಬ್ಯಾಶ್ ಮೂರು ಸಲ ಸುತ್ತುತ್ತೆ, ಇದು ಒಂದೇ ಸಲ! ಬ್ಯಾಶಲ್ಲೇ ಓಡಿಸೋಣ ಅಂದ್ರೆ ಮ್ಯಾಕ್ ಜೊತೆ ಬರೋದು ಓಬೀರಾಯನ ಕಾಲದ 3.2 (ಬ್ಯಾಶ್ ಲೈಸೆನ್ಸ್ ಜಿಪಿಎಲ್ 3 ಆದ್ಮೇಲೆ ಆಪಲ್ ಅಲ್ಲಿಗೇ ನಿಲ್ಲಿಸ್ತು), ನನಗೆ ಬೇಕಾದ ಅಸೋಸಿಯೇಟಿವ್ ಅರೇ (ನಂಬರ್ ಬದಲು ಹೆಸರಿಂದ ಹುಡುಕೋ ಪಟ್ಟಿ) ಬಂದಿದ್ದೇ 4.0ರಲ್ಲಿ.

ಈಗ ಎರಡೂ ಕಡೆ ಓಡ್ಬೇಕು ಅಂದ್ರೆ ಅರೇ ಎಲ್ಲಾ ಕಿತ್ತಾಕಿ ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್ಮುಗಳ ಸಾಮಾನ್ಯ ಸ್ಟ್ಯಾಂಡರ್ಡ್) ಎಸ್‌ಎಚ್‌ನಲ್ಲೇ ಬರೀಬೇಕಾ, ಇಲ್ಲಾ ಹೋಮ್‌ಬ್ರೂನಿಂದ (ಮ್ಯಾಕಿಗೆ ಸಾಫ್ಟ್ವೇರ್ ಹಾಕೋ ಟೂಲ್) ಹೊಸ ಬ್ಯಾಶ್ ಹಾಕ್ಕೊಂಡು ಸ್ಕ್ರಿಪ್ಟಿನ ಮೊದಲ್ನೇ ಲೈನಲ್ಲಿ ಎನ್ವ್ ಬ್ಯಾಶ್ (ಪಾತ್ ಪಟ್ಟಿಯಲ್ಲಿ ಮೊದಲು ಸಿಗೋ ಬ್ಯಾಶಲ್ಲಿ ಓಡ್ಸು ಅಂತ) ಕೊಟ್ರೆ ಸಾಕಾ? ಫಿಶ್ ಅನ್ನೋ ಶೆಲ್ ಹಾಕ್ಕೋ ಅಂತ ಮಾತ್ರ ಹೇಳ್ಬೇಡಿ, ಅದು ಪಾಸಿಕ್ಸ್ ಗೊಡವೆಗೇ ಹೋಗಲ್ಲ.