ಪದಚರ್ಚೆ: ಡಿಸ್ಕ್ ಕಂಟ್ರೋಲರ್‌ಗೆ ‘ನಿಯಂತ್ರಕ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನ ಸ್ನೇಹಿತರೊಬ್ಬರ ಫೋಟೊ ಸ್ಟುಡಿಯೋ ಇದೆ. ಮದುವೆ ವಿಡಿಯೋ ಕೆಲಸವೇ ಜಾಸ್ತಿ. ಹಳೇ ಪಿ.ಸಿ.ಯೊಂದಕ್ಕೆ ಎಂಟು ಹಾರ್ಡ್ ಡಿಸ್ಕ್ ಹಾಕಿ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಓಡಿಸೋಣ ಅಂತ ನಾನೇ ಹೇಳಿದ್ದೆ. ಯೂನಿಕ್ಸ್ ವಂಶದ್ದು, ದುಡ್ಡು ಕೊಡಬೇಕಿಲ್ಲ, ಹಲವು ಡಿಸ್ಕುಗಳನ್ನು ಒಟ್ಟಿಗೆ ನೋಡಿಕೊಂಡು ಫೈಲುಗಳನ್ನು ಕಾಯುವ ಝಡ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ ಜೊತೆಗೇ ಬರುತ್ತದೆ. ಆದರೆ ಮದರ್‌ಬೋರ್ಡಿನಲ್ಲಿ ಡಿಸ್ಕ್ ಚುಚ್ಚಲು ನಾಲ್ಕೇ ಜಾಗ. ಹಾಗಾಗಿ ಉಳಿದ ಡಿಸ್ಕುಗಳನ್ನು ಜೋಡಿಸಲು ಒಂದು ಕಾರ್ಡು ಬೇಕಾಯಿತು. ಅದಕ್ಕೇ ಡಿಸ್ಕ್ ಕಂಟ್ರೋಲರ್ ಅನ್ನುವುದು. ನಾನಿಲ್ಲದಾಗ ಹುಡುಗರೇ ನೋಡಿಕೊಳ್ಳಲಿ ಅಂತ ಎರಡು ಪುಟದ ಕನ್ನಡ ಟಿಪ್ಪಣಿ ಬರೆದುಕೊಟ್ಟೆ. ಅದರಲ್ಲಿ ‘ಡಿಸ್ಕ್ ನಿಯಂತ್ರಕ’ ಅಂತಿತ್ತು. ಸ್ಟುಡಿಯೋ ಹುಡುಗ ಓದಿ, "ಸಾರ್, ನಿಯಂತ್ರಕರು ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಾರಲ್ಲ, ಅವರಲ್ವಾ?" ಅಂದ.

ಅವನದ್ದೇನೂ ತಪ್ಪಿಲ್ಲ. ಕೆ.ಎಸ್.ಆರ್.ಟಿ.ಸಿ. ನಿಲ್ದಾಣದಲ್ಲಿ ‘ಸಂಚಾರ ನಿಯಂತ್ರಕರು’ ಅಂತ ಬೋರ್ಡೇ ಇರುತ್ತದೆ. ನನ್ನ ಟಿಪ್ಪಣಿಯಲ್ಲಿ ಮುಂದಿನ ಸಾಲು ಇನ್ನೂ ಚೆಂದ ಇತ್ತು: ‘ಬಸ್ಸಿಗೆ ನಿಯಂತ್ರಕವನ್ನು ಕೂರಿಸಿದ ಮೇಲೆ ಸರಿಯಾದ ಚಾಲಕ ಇದೆಯೇ ನೋಡಿ.’ ಕಂಪ್ಯೂಟರಿನೊಳಗೆ ಮಾಹಿತಿ ಓಡಾಡುವ ದಾರಿಗೂ ಬಸ್ ಅಂತಲೇ ಹೆಸರು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೆ ಚಾಲಕ ಅಂತ ಬರೆದಿದ್ದೆ. ನಿರ್ವಾಹಕ ಒಬ್ಬ ಬಂದಿದ್ದರೆ ಬಸ್ಸು ಹೊರಟೇಬಿಡುತ್ತಿತ್ತು.

ಆಮೇಲೆ ಯೋಚಿಸಿದೆ. ತೊಡಕಿರುವುದು ‘-ಕ’ ಪ್ರತ್ಯಯದಲ್ಲಾ? ‘ಕೀಟನಾಶಕವನ್ನು ಹೊಡಿ’ ಅಂತ ಯಾವ ರೈತನೂ ತಡವರಿಸದೆ ಹೇಳುತ್ತಾನೆ. ‘ಕೀಟನಾಶಕನನ್ನು’ ಅಂತ ಯಾರಿಗೂ ಬಾಯಿಗೆ ಬರುವುದಿಲ್ಲ. ಆದರೆ ‘ನಿಯಂತ್ರಕ’ ಅಂದ ಕೂಡಲೇ ‘ನಿಯಂತ್ರಕನಿಗೆ’ ಬರಬೇಕೋ ‘ನಿಯಂತ್ರಕಕ್ಕೆ’ ಬರಬೇಕೋ ಅಂತ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ. ‘ನಿಯಂತ್ರಕ ಸುಟ್ಟುಹೋಯಿತು’ ಅಂತ ಬರೆಯುವಾಗ ಯಾರೋ ಪಾಪ ಸುಟ್ಟುಹೋದ ಹಾಗೆ ಅನ್ನಿಸುತ್ತದೆ. ಆ ಕುರ್ಚಿಯಲ್ಲಿ ಮೊದಲೇ ಒಬ್ಬ ಮನುಷ್ಯ ಕೂತುಬಿಟ್ಟಿದ್ದಾನೆ, ಅಷ್ಟೇ. ‘ಕಂಟ್ರೋಲರ್ ಸುಟ್ಟುಹೋಯ್ತು’ ಅಂದರೆ ಆ ಪೇಚಾಟ ಇಲ್ಲ.

ಸರಿ, ಕಂಟ್ರೋಲರ್ ಅಂತಲೇ ಇಟ್ಟುಕೊಳ್ಳೋಣ ಅಂದುಕೊಂಡೆ. ಅಲ್ಲಿ ಇನ್ನೊಂದು ಗಂಟು. ಆ ಕಾರ್ಡು ನಿಜಕ್ಕೂ ಡಿಸ್ಕನ್ನು ಕಂಟ್ರೋಲ್ ಮಾಡುವುದೇ ಇಲ್ಲ! ಹಿಂದೆ ಮಾಡುತ್ತಿತ್ತು. 1980ರಲ್ಲಿ ಸೀಗೇಟ್‌ನ ಎಸ್‌ಟಿ-506 ಬಂದಾಗ, 5 ಎಂ.ಬಿ.ಯ ಡಿಸ್ಕು ಅದು, ಅದರ ಬುದ್ಧಿಯೆಲ್ಲ ಹೊರಗಿನ ಕಾರ್ಡಿನಲ್ಲಿತ್ತು. ಡಿಸ್ಕು ಬರೀ ಮೈ. ಐಡಿಇ ಅನ್ನುವ ಡಿಸ್ಕ್ ಜೋಡಣೆಯ ಪದ್ಧತಿ ಬಂದ ಮೇಲೆ ಕಂಟ್ರೋಲರ್ ಡಿಸ್ಕಿನ ಹೊಟ್ಟೆಯೊಳಗೇ ಹೋಯಿತು. ಆ ಹೆಸರಿನ ಬಿಡಿಸಿದ ರೂಪದಲ್ಲೇ ‘ಇಂಟಿಗ್ರೇಟೆಡ್’ (ಒಳಗೇ ಸೇರಿದ್ದು) ಅಂತಿದೆ. ಕಾರ್ಡಿಗೆ ಉಳಿದ ಕೆಲಸ ಅತ್ತಿಂದಿತ್ತ ಸಾಗಿಸುವುದು. ಮನೆ ಮಾರಿ ಹೋದವರ ಹೆಸರು ಗೇಟಿನ ಮೇಲೆ ಹಾಗೇ ಉಳಿಯುತ್ತದಲ್ಲ, ಹಾಗೆ ಕಾರ್ಡಿಗೆ ಹಳೇ ಹೆಸರು ಅಂಟಿಕೊಂಡಿದೆ.

ಇದು ಸುಮ್ನೆ ಪದದ ಚೌಕಾಸಿ ಅಲ್ಲ. ನಾವು ಎಡವಿದ್ದೂ ಈ ಪದದಿಂದಲೇ. ಪಿ.ಸಿ.ಯನ್ನು ಬೆಂಗಳೂರಿಗೆ ಒಯ್ದು, ಒಂದು ಅಂಗಡಿಯಲ್ಲಿ "ಎಂಟು ಡಿಸ್ಕಿನ ಕಂಟ್ರೋಲರ್ ಕೊಡಿ" ಅಂದೆವು. ಅವರು ಹಲವು ಡಿಸ್ಕುಗಳನ್ನು ಒಂದೇ ದೊಡ್ಡ ಡಿಸ್ಕಿನಂತೆ ತೋರಿಸುವ ರೇಡ್ ಕಾರ್ಡ್ ಹಾಕಿ, ಎಂಟನ್ನೂ ಅದರಲ್ಲೇ ಸೇರಿಸಿ ಕೊಟ್ಟರು. ಊರಿಗೆ ತಂದು ಫ್ರೀಬಿಎಸ್‌ಡಿ ಏಳಿಸಿದರೆ ಎಂಟು ಡಿಸ್ಕಿನ ಜಾಗದಲ್ಲಿ ಒಂದೇ ಒಂದು ಕಾಣುತ್ತಿದೆ. ಝಡ್‌ಎಫ್‌ಎಸ್‌ಗೆ ಒಂದೊಂದು ಡಿಸ್ಕೂ ನೇರವಾಗಿ ಕಾಣಬೇಕು. ಒಂದೇ ಅಂತ ತೋರಿಸಿದರೆ, ಕೆಟ್ಟ ಫೈಲನ್ನು ಕೆಟ್ಟಿದೆ ಅಂತ ಅದು ಹಿಡಿಯುತ್ತದೆ. ಸರಿಮಾಡಲು ಇನ್ನೊಂದು ಪ್ರತಿ ಅದರ ಕೈಯಲ್ಲಿರುವುದಿಲ್ಲ. ಮೇಲಾಗಿ ಕಾರ್ಡು ಕೆಟ್ಟರೆ ಅದೇ ಜಾತಿಯ ಕಾರ್ಡು ಹುಡುಕಿಕೊಂಡು ಅಲೆಯಬೇಕು.

ನಮಗೆ ಬೇಕಿದ್ದದ್ದು ಹೋಸ್ಟ್ ಬಸ್ ಅಡಾಪ್ಟರ್ (ಎಚ್‌ಬಿಎ), ಅಂದರೆ ಡಿಸ್ಕುಗಳನ್ನು ಒಟ್ಟುಗೂಡಿಸದೆ ಒಂದೊಂದನ್ನೂ ಹಾಗೇ ಕಂಪ್ಯೂಟರಿಗೆ ಜೋಡಿಸುವ ಕಾರ್ಡು. ಕೊನೆಗೆ ಸೆಕೆಂಡ್‌ಹ್ಯಾಂಡ್ ಎಲ್‌ಎಸ್‌ಐ 9211-8ಐ ಸಿಕ್ಕಿತು. ಎರಡು ಕನೆಕ್ಟರ್, ಒಂದೊಂದರಿಂದ ನಾಲ್ಕು ಡಿಸ್ಕಿಗೆ ಕೇಬಲ್ ಸೀಳಿಕೊಳ್ಳುತ್ತದೆ. ಅದಕ್ಕೆ ಐಟಿ ಮೋಡ್ ಫರ್ಮ್‌ವೇರ್, ಅಂದರೆ ರೇಡ್ ಮಾಡದೆ ಡಿಸ್ಕುಗಳನ್ನು ಹಾಗೇ ತೋರಿಸುವ, ಕಾರ್ಡಿನೊಳಗಿನ ತಂತ್ರಾಂಶ ಹಾಕಿದ್ದೇವೆ. (ಇಲ್ಲಿ ಐಟಿ ಅಂದರೆ ಇನಿಶಿಯೇಟರ್ ಟಾರ್ಗೆಟ್. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಮಾಡುವ ಐಟಿ ಅಲ್ಲ.) ಫ್ರೀಬಿಎಸ್‌ಡಿಯಲ್ಲಿ ಎಂಪಿಎಸ್ ಅನ್ನುವ ಡ್ರೈವರ್ ತಾನಾಗೇ ಹಿಡಿದುಕೊಂಡಿತು. ಡಿಎ0ಯಿಂದ ಡಿಎ7ರವರೆಗಿನ ಹೆಸರಲ್ಲಿ ಎಂಟೂ ಡಿಸ್ಕು ಸಾಲಾಗಿ ಬಂದವು. ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಸರ್ವರ್‌ನ ಜೋರು ಗಾಳಿಗೆ ಅಂತ ಮಾಡಿದ ಕಾರ್ಡು. ಕೇಬಲ್ ಟೈನಲ್ಲಿ ಒಂದು ಸಣ್ಣ ಫ್ಯಾನ್ ಕಟ್ಟಿದ ಮೇಲೆ ತಣ್ಣಗಾಯಿತು.

ಈಗ ಇದಕ್ಕೆ ಕನ್ನಡದಲ್ಲಿ ಏನನ್ನೋಣ? ‘ಅಡಾಪ್ಟರ್’ ಅಂದರೆ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಚಾರ್ಜರಿನ ಕರೀ ಡಬ್ಬಿ. ‘ಆತಿಥೇಯ’ ಅಂದರೆ ಕ್ರಿಕೆಟ್ಟು. ‘ಆತಿಥೇಯ ಸಂಯೋಜಕ’ ಅಂತ ಬರೆದು ಆ ಹುಡುಗನ ಮುಖ ನೋಡುವ ಧೈರ್ಯ ನನಗಿಲ್ಲ.

ರೇಡ್ ಕಾರ್ಡು, ಎಚ್‌ಬಿಎ ಎರಡರ ವ್ಯತ್ಯಾಸ ಅವನಿಗೆ ಕೊನೆಗೂ ಅರ್ಥವಾಗಿದ್ದು ಕೆರೆಯಿಂದ. ನಮ್ಮಜ್ಜನ ಊರು ಶಿರಾ ಕಡೆ. ಅಲ್ಲಿ ಕೆರೆಗೆ ತೂಬಿತ್ತು, ನೀರುಗಂಟಿ ಇದ್ದ. ಯಾವತ್ತು ತೂಬೆತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲ ಅವನ ಮಾತು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಅಳೆಸಿಕೊಂಡು ಹೋಗುತ್ತಿದ್ದ. ರೇಡ್ ಕಾರ್ಡು ನೀರುಗಂಟಿ. ಎಚ್‌ಬಿಎ ಬರೀ ತೂಬು. ಝಡ್‌ಎಫ್‌ಎಸ್ ತಾನೇ ನೀರುಗಂಟಿ ಆಗಿರುವಾಗ ಕಾರ್ಡಿನಲ್ಲಿ ಇನ್ನೊಬ್ಬ ಕೂತರೆ ಜಗಳ ತಪ್ಪದು. ಇಷ್ಟು ಹೇಳಿದ್ದಕ್ಕೆ ಹುಡುಗ ತಲೆಯಾಡಿಸಿದ. ಆದರೆ ಮೊದಲು ನೀರುಗಂಟಿ ಅಂದರೆ ಯಾರು ಅಂತ ಅವನಿಗೆ ಹತ್ತು ನಿಮಿಷ ಹೇಳಬೇಕಾಯಿತು. ಅವನು ಹುಟ್ಟುವ ಹೊತ್ತಿಗೆ ಊರೆಲ್ಲ ಬೋರ್‌ವೆಲ್ ಆಗಿತ್ತು. ಪದ ಬಿಡಿಸಲು ಹೋಗಿ ಇನ್ನೊಂದು ಪದ ಬಿಡಿಸಿದ ಹಾಗಾಯಿತು.

ನನ್ನ ಮನಸ್ಸು ಸದ್ಯಕ್ಕೆ ಹೀಗಿದೆ. ರೇಡ್ ಕಾರ್ಡಿಗೆ ‘ಕಂಟ್ರೋಲರ್’ ಇರಲಿ, ಅದು ನಿಜಕ್ಕೂ ಯಜಮಾನಿಕೆ ಮಾಡುತ್ತದೆ. ಎಚ್‌ಬಿಎಗೆ ‘ಜೋಡಣೆ ಕಾರ್ಡ್’ ಅನ್ನೋಣವೇ? ಹುಡುಗ ಮಾತ್ರ ‘ತೂಬು ಕಾರ್ಡ್’ ಅಂತಲೇ ಪಟ್ಟು ಹಿಡಿದಿದ್ದಾನೆ. ತೂಬನ್ನು, ತೂಬಿಗೆ, ತೂಬಿನಿಂದ: ವಿಭಕ್ತಿ ಹಚ್ಚಲು ಸಲೀಸಾಗಿದೆ, ಒಪ್ಪುತ್ತೇನೆ. ಆದರೆ ತೂಬಿಗೆ ತೆಗೆಯುವುದು ಮುಚ್ಚುವುದು ಇದೆ, ಈ ಕಾರ್ಡಿಗೆ ಅದಿಲ್ಲ. ಆ ಲೆಕ್ಕದಲ್ಲಿ ‘ಕಾಲುವೆ’ ಹೆಚ್ಚು ಸರಿಯೇನೋ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಪ್ರಶ್ನೆ: ನಿಮ್ಮಲ್ಲಿ ಇನ್ನೂ ಕೆರೆ ಮಾತು ಬಳಕೆಯಲ್ಲಿದೆಯಲ್ಲ, ನೀರನ್ನು ತಡೆಯದೆ, ಪಾಲು ಮಾಡದೆ, ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಕಟ್ಟಡಕ್ಕೆ ಏನನ್ನುತ್ತೀರಿ? ನೀವು ಹೇಳುವುದು ‘ನೀರುಗಂಟಿ’ಯೋ ‘ನೀರಗಂಟಿ’ಯೋ ಅದನ್ನೂ ತಿಳಿಸಿ. ಟಿಪ್ಪಣಿಯನ್ನು ಸೋಮವಾರ ಲ್ಯಾಮಿನೇಷನ್‌ಗೆ ಕೊಡಬೇಕು. ಆಮೇಲೆ ತಿದ್ದಲು ಬರುವುದಿಲ್ಲ.