ಪುಣೆಯ ಸಂಗಮ್ ಬ್ರಿಡ್ಜ್ ಕೆಳಗಿನ ನೀರು ನಿಜವಾಗ್ಲೂ ಕರ್ನಾಟಕಕ್ಕೆ ಹೋಗುತ್ತಾ?

ಹಿಂಜವಡಿ ಮೈಸೂರಿಗ:
ಕಾವೇರಿ, ಕಪಿಲೆ ಬಿಟ್ರೆ ನಂಗೆ ಬೇರೆ ನದಿ ಗೊತ್ತಿಲ್ಲ, ಪುಣೆಗೆ ಬಂದ್ರೆ ಮುಳಾ ಅಂತಾರೆ, ಮುಠಾ ಅಂತಾರೆ, ಪವನಾ, ಇಂದ್ರಾಯಣಿ, ತಲೆ ಕೆಟ್ಟೋಯ್ತು. ಮೊನ್ನೆ ಖಡಕ್‌ವಾಸ್ಲಾ ಡ್ಯಾಮಿಂದ ನೀರು ಬಿಟ್ಟು ಭಿಡೆ ಬ್ರಿಡ್ಜ್ ಮುಳುಗಿದಾಗ ಆಫೀಸಲ್ಲೊಬ್ರು ಇದೆಲ್ಲ ನಿಮ್ ಕರ್ನಾಟಕಕ್ಕೇ ಹೋಗೋದು ಅಂದ್ರು. ಸಮುದ್ರ ಇಷ್ಟು ಹತ್ರ ಇದ್ದೂ ಅಲ್ಲಿಗ್ಯಾಕೆ ಹೋಗುತ್ತೆ?

ಅಫಜಲಪುರದಾಂವ:
ಖರೇನ ಹೇಳ್ಯಾರ್ರೀ, ನಮ್ಮೂರಿಗೇ ಬರ್ತದ. ಘಟ್ಟದ ಈ ಕಡಿ ಬಿದ್ದ ಮಳಿ ಪೂರ್ವಕ್ಕ ಇಳೀಲೇಬೇಕಲ್ರೀ. ಪವನಾ ದಾಪೋಡಿ ಹತ್ರ ಮುಳಾಕ್ಕ ಸೇರ್ತದ, ಮುಳಾ ಸಂಗಮದಾಗ ಮುಠಾನ ಜೋಡಿ ಕೂಡಿ ಮುಂದ ಭೀಮಾಕ್ಕ ಬೀಳ್ತದ. ಭೀಮಾ ಹುಟ್ಟೋದು ಭೀಮಾಶಂಕರದಾಗ, ಇಂದ್ರಾಯಣಿ ತುಳಾಪುರದಾಗ ಬಂದು ಸೇರ್ತದ. ಆಮ್ಯಾಲ ಉಜನಿ ಡ್ಯಾಮ್, ಪಂಢರಪುರ (ಅಲ್ಲಿ ಅರ್ಧಚಂದ್ರದಂಗ ತಿರಗ್ಯದ, ಅದಕ್ಕ ಚಂದ್ರಭಾಗಾ ಅಂತಾರ), ಅಫಜಲಪುರ, ಗಾಣಗಾಪುರ, ಕಡೀಕ ರಾಯಚೂರ ಜಿಲ್ಲಾದಾಗ ಕೃಷ್ಣಾ. ಒಟ್ಟು 861 ಕಿ.ಮೀ.

ಕೋಥ್ರೂಡ್ ಅಜ್ಜ:
ಸಣ್ಣ ತಿದ್ದುಪಡಿ. ಮುಳಾ ನೀರೆಲ್ಲ ಪೂರ್ವಕ್ಕೆ ಬರಲ್ಲ. ಮುಳಶಿ ಡ್ಯಾಮಿನ ನೀರನ್ನ ಘಟ್ಟ ಇಳಿಸಿ ಭಿರಾದಲ್ಲಿ ಕರೆಂಟ್ ತೆಗೀತಾರೆ, ಅದು ಕೊಂಕಣಕ್ಕೇ ಹೋಯ್ತು. ಆ ಡ್ಯಾಮ್ ಬೇಡ ಅಂತ 1921ರಲ್ಲಿ ರೈತರು ಸತ್ಯಾಗ್ರಹ ಮಾಡಿದ್ರು, ಸೇನಾಪತಿ ಬಾಪಟ್ ಮುಂದಾಳು.

ಅಫಜಲಪುರದಾಂವ:
ಇದು ಗೊತ್ತಿರಲಿಲ್ರೀ ಅಜ್ಜಾರ.
ಇನ್ನೊಂದ ಮಾತು. ಇಲ್ಲಿ ಜೋರ ಮಳಿ ಬಂದ್ರ ಅಪ್ಪ ಊರಿಂದ ಫೋನ್ ಹಚ್ಚಿ ಖಡಕ್‌ವಾಸ್ಲಾ ಸುದ್ದಿ ಕೇಳಂಗಿಲ್ಲ, "ಉಜನಿ ಎಷ್ಟ ತುಂಬ್ಯದ, ವೀರ್ ಡ್ಯಾಮ್ ಎಷ್ಟ ಬಿಟ್ಟಾರ" ಅಂತಾನ. ಉಜನಿ 117 ಟಿಎಂಸಿ ಹಿಡೀತದ, ಅದು ಖಾಲಿ ಇದ್ರ ಪುಣೆ ನೀರಿಂದ ನಮಗ ಏನೂ ಆಗಂಗಿಲ್ಲ. ಅಂಜಿಕಿ ಇರೋದು ನೀರಾ ನದಿದು. ವೀರ್ ಡ್ಯಾಮ್ ಅದರ ಮ್ಯಾಲೇ ಅದ, ನದಿ ಭೀಮಾಕ್ಕ ಕೂಡೋದು ಉಜನಿ ದಾಟಿ ನರಸಿಂಗಪುರದಾಗ, ಅಂದ್ರ ಉಜನಿ ಗೇಟ್ ಮುಚ್ಚಿದ್ರೂ ಆ ನೀರು ಸೀದಾ ಪಂಢರಪುರ ಹಾದು ನಮ್ಮ ಹೊಲಕ್ಕ. ಸೋಲಾಪುರ ಕಡಿ ಸೀನಾ ನದಿನೂ ಹಂಗ. 2020 ಅಕ್ಟೋಬರದಾಗ ಹೊಳಿ ಬಂದು ತೊಗರಿ ಎಲ್ಲಾ ನೀರಾಗ ನಿಂತಿತ್ತು.

ಹಿಂಜವಡಿ ಮೈಸೂರಿಗ:
ನೀರಾ ಅಂದ್ರೆ ರೈಲ್ವೆ ಸ್ಟೇಷನ್ ಅಂದ್ಕೊಂಡಿದ್ದೆ 😅 ಹಾಗಾದ್ರೆ ನಾವಿಲ್ಲಿ ನದಿಗೆ ಬಿಡೋ ಗಲೀಜೂ ನಿಮ್ಮೂರಿಗೇನಾ?

ಅಫಜಲಪುರದಾಂವ:
ಮೊದ್ಲ ಉಜನಿಗೆ ಹೋಗ್ತದ. ಭಿಗವಣಕ್ಕ ಫ್ಲೆಮಿಂಗೋ ನೋಡ್ಲಿಕ್ಕ ಹೋಗ್ತೀರಲ್ಲ, ಅದು ಉಜನಿ ಹಿನ್ನೀರೇ, ಮುಂದಿನ ಸಲ ಹೋದಾಗ ಹಕ್ಕಿ ಬಿಟ್ಟು ನೀರಿನ ಬಣ್ಣಾನೂ ಸ್ವಲ್ಪ ನೋಡ್ರಿ.