ಪಿಜಿ(3,2): ಆರು ಸ್ಪ್ರೆಡ್ ಬರ್ತಾವ, ಏಳನೇದು ಬರವಲ್ದು

ಮಾನ್ವಿ_ಹುಡುಗ:
ಮೂರು ದಿನ ಆತು, ತಲಿ ಕೆಟ್ಟೈತಿ. ಪಿಜಿ(3,2) ಅಂದ್ರ ಮೂರು ಆಯಾಮದ ಪುಟ್ಟ ಪ್ರಕ್ಷೇಪಕ ಜ್ಯಾಮಿತಿ: 15 ಬಿಂದು, 35 ರೇಖೆ, ರೇಖೆಗೆ ಮೂರೇ ಬಿಂದು. ಒಂದಕ್ಕೊಂದು ತಾಗದ ಐದು ರೇಖೆ ಸೇರಿದ್ರ ಒಂದು ಸ್ಪ್ರೆಡ್, ಒಂದೇ ರೇಖೆ ಎರಡು ಸಲ ಬರದಂಗ ಅಂಥವು ಏಳು ಸೇರಿದ್ರ ಪ್ಯಾರಲಲಿಸಂ (ಸಮಾಂತರ ಜೋಡಣೆ). ಕರ್ಕ್‌ಮನ್ 1850ರಾಗ ಕೇಳಿದ 15 ಹುಡುಗೇರ ಲೆಕ್ಕ (ದಿನಾ ಮೂರ್ಮೂರು ಮಂದಿಯ ಐದು ಸಾಲು, ಏಳು ದಿನ, ಯಾವ ಇಬ್ಬರೂ ಎರಡು ಸಲ ಜೊತಿಯಾಗಬಾರದು) ಇದ್ರಿಂದನೂ ಬಿಡಿಸಬಹುದು. ನನ್ನ ಪೈಥಾನ್ ಕೋಡ್ ಆರರ ತನಕ ಬರ್ತೈತಿ, ಆಮ್ಯಾಲೆ ಇಲ್ಲ ಅಂತೈತಿ. ಕೋಡ್ ಸರಿನ ಐತಿ, ಹತ್ತು ಸಲ ನೋಡೀನಿ.

ಗಂಗಾವತಿ_ಗಣಕ:
ಗ್ರೀಡಿ ಹಾಕೀರಿ. ಸಿಕ್ಕಿದ್ದನ್ನ ಹಿಡ್ಕೊಂಡು ಹೋದ್ರ ಮುಂದ ದಾರಿ ಮುಚ್ಚತೈತಿ. ಬ್ಯಾಕ್‌ಟ್ರ್ಯಾಕ್ ಮಾಡ್ರಿ, ಅಂದ್ರ ದಾರಿ ಮುಚ್ಚಿದ್ರ ಹಿಂದಕ್ಕ ಬಂದು ಬ್ಯಾರೇದು ಹಿಡೀರಿ. ಇರೋವೇ 56 ಸ್ಪ್ರೆಡ್.

ಮಾನ್ವಿ_ಹುಡುಗ:
ಬ್ಯಾಕ್‌ಟ್ರ್ಯಾಕೇ ಐತ್ರಿ ಅಣ್ಣ.

ಗಂಗಾವತಿ_ಗಣಕ:
ಹಂಗಾದ್ರ ಲಿಸ್ಟ್ ಕಾಪಿ ಮಾಡದ ಹಂಗೇ ಒಳಗ ಕಳಿಸೀರಿ. ನೂರಕ್ಕ ನೂರು ಅದೇ.

ಸಂಡೂರು_ಗುಡ್ಡ:
ಪ್ರಕ್ಷೇಪಕ ಜ್ಯಾಮಿತಿಯಾಗ ಸಮಾಂತರ ಎಲ್ಲೈತ್ರಿ? ಎರಡು ರೇಖೆ ಸೇರಲೇಬೇಕು. ಹೆಸರೇ ತಪ್ಪು.

ಗಂಗಾವತಿ_ಗಣಕ:
ಒಂದೇ ಸಮತಲದಾಗ ಇದ್ರ ಸೇರಬೇಕು. ಇದು ಮೂರು ಆಯಾಮ ಮಾರಾಯ.

ಸಂಡೂರು_ಗುಡ್ಡ:
ಸೇರದಿದ್ರ ಸಾಕಾ, ಸಮಾಂತರ ಆಗಿಬಿಡ್ತಾವಾ? ರೈಲು ಹಳಿ, ಮ್ಯಾಲಿನ ಸೇತುವೆ ತಾಗಂಗಿಲ್ಲ. ಅವೂ ಸಮಾಂತರನಾ?

ಬಳ್ಳಾರಿ_ಮೇಡಂ:
ಆ ಜಗಳ ಆಮ್ಯಾಲೆ. ತಮ್ಮಾ, ಆರಕ್ಕ ನಿಲ್ಲಾಕ ಬರೋದೇ ಇಲ್ಲ. ಪ್ರತಿ ಬಿಂದುವಿನ ಮ್ಯಾಲೆ ಏಳು ರೇಖೆ. ಆರು ಸ್ಪ್ರೆಡ್‌ನಾಗ ಆರು ಹೋದ್ರ ಬಿಂದುವಿಗೆ ಒಂದೊಂದೇ ಉಳೀತೈತಿ. ಅಂದ್ರ ಉಳಿದ ಐದು ರೇಖೆ ತಾವಾಗೇ ಏಳನೇ ಸ್ಪ್ರೆಡ್, ಹುಡುಕೋದೇ ಬ್ಯಾಡ. ನಿನ್ನ ಪಟ್ಟಿನೇ ಕೆಟ್ಟೈತಿ. ಉಳಿದ ಐದು ಇಲ್ಲಿ ಹಾಕು.

ಮಾನ್ವಿ_ಹುಡುಗ:
1-6-7
2-8-10
3-13-15
4-11-15
5-9-12

ಬಳ್ಳಾರಿ_ಮೇಡಂ:
15 ಎರಡು ಸಲ ಬಂದೈತಿ, 14 ಇಲ್ಲವೇ ಇಲ್ಲ. ರೇಖೆಯ ಎರಡು ಬಿಂದು ಎಕ್ಸಾರ್ ಮಾಡಿದ್ರ ಮೂರನೇದು ಬರಬೇಕು. 3, 13 ಬೈನರಿಯಾಗ 0011, 1101. ಎಕ್ಸಾರ್ ಮಾಡು (ಅಂಕಿ ಬ್ಯಾರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0), 1110 ಬರತೈತಿ, ಅಂದ್ರ 14. 3-13ರ ಜೊತಿಗೆ 14 ಬರಬೇಕು. ಪಟ್ಟಿ ಎಲ್ಲಿಂದ ತಂದಿ?

ಮಾನ್ವಿ_ಹುಡುಗ:
ನೋಟ್‌ಬುಕ್ ನೋಡಿ ಕೈಲೇ ಟೈಪ್ ಮಾಡಿದ್ದೆ ಮೇಡಂ. ಅದನ್ನೂ ಹೇಳಬೇಕಿತ್ತಾ?

ಬಳ್ಳಾರಿ_ಮೇಡಂ:
ಮೊದಲನೇ ಸಾಲಿನ್ಯಾಗೇ. ಎರಡು ಲೂಪ್, ಒಂದು ಎಕ್ಸಾರ್, 35 ತಾವೇ ಬರ್ತಾವ.

ಮಾನ್ವಿ_ಹುಡುಗ:
14 ಹಾಕಿದ ಕೂಡ್ಲೇ ಏಳೂ ಬಂದ್ವು 🙏

ಗಂಗಾವತಿ_ಗಣಕ:
ಆದ್ರೂ ಲಿಸ್ಟ್ ಕಾಪಿ ಒಮ್ಮೆ ನೋಡ್ಕೊಳ್ರಿ. ನಾನು 32 ಜಿಬಿ ಮಷೀನ್ ತಗೊಂಡೀನಿ, ಪಿಜಿ(3,3) ಹಚ್ಚೀನಿ. 40 ಬಿಂದು, 130 ರೇಖೆ, ಸ್ಪ್ರೆಡ್‌ಗೆ ಹತ್ತು ರೇಖೆ, ಅಂಥವು 13 ಬೇಕು.

ಸಂಡೂರು_ಗುಡ್ಡ:
ಸೇತುವೆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಗಂಗಾವತಿ_ಗಣಕ:
ರಾತ್ರಿ ಹಚ್ಚಿ ಮಲಗಿದ್ದೆ, ನಾಲ್ಕಕ್ಕ ಕರೆಂಟ್ ಹೋಗೈತಿ. ಯುಪಿಎಸ್ ಯಾವುದು ಚಲೋ, ಯಾರಾದ್ರೂ ಹೇಳ್ರಿ.